ಹಳೆಯ ಕಾರು, ತುಕ್ಕು ಹಿಡಿದ ಬ್ರೇಕ್ ಪೈಪು ಮತ್ತು ಹತ್ತು ಸಾವಿರದ ಲೆಕ್ಕ

2025ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಹೊರಡಿಸಿದ ಅಧಿಸೂಚನೆಯೊಂದು ಹಳೆಯ ಕಾರುಗಳನ್ನು ಜತನವಾಗಿ ಇರಿಸಿಕೊಂಡಿರುವ ಕುಟುಂಬಗಳಲ್ಲಿ ಸಾಕಷ್ಟು ಚರ್ಚೆಗೆ ಕಾರಣವಾಯಿತು. ಇಪ್ಪತ್ತು ವರ್ಷ ದಾಟಿದ ಲಘು ಮೋಟಾರು ವಾಹನಗಳ ನೋಂದಣಿ ನವೀಕರಣ ಶುಲ್ಕವನ್ನು 5,000 ರೂಪಾಯಿಗಳಿಂದ 10,000 ರೂಪಾಯಿಗಳಿಗೆ, ದ್ವಿಚಕ್ರ ವಾಹನಗಳ ಶುಲ್ಕವನ್ನು 1,000ದಿಂದ 2,000ಕ್ಕೆ ಏರಿಸಲಾಯಿತು. ಹದಿನೈದು ವರ್ಷ ದಾಟಿದ ಕಾರುಗಳಿಗೆ ಒಂದು ಕಾಲದಲ್ಲಿ ಕೇವಲ 600 ರೂಪಾಯಿಗಳಿದ್ದ ಈ ಶುಲ್ಕವು 2022ರ ಏಪ್ರಿಲ್ 1ರಿಂದಲೇ 5,000 ರೂಪಾಯಿ ಆಗಿತ್ತು ಎಂಬುದನ್ನು ಓದುಗರು ಮರೆತಿರಲಾರರು. ಮಹಾರಾಷ್ಟ್ರದಲ್ಲಿ ಇದರ ಜೊತೆಗೆ ಪರಿಸರ ತೆರಿಗೆಯನ್ನೂ ಕಟ್ಟಬೇಕಾಗಿದೆ.

ಈ ಶುಲ್ಕ ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಪತ್ರಿಕೆಗಳಲ್ಲಿ ಬೇಕಾದಷ್ಟು ನಡೆದಿದೆ. ನಾವು ಇಲ್ಲಿ ಪ್ರಸ್ತಾಪಿಸಹೊರಟಿರುವುದು ಅದೇ ಹತ್ತು ಸಾವಿರದ ಆಸುಪಾಸಿನ ಇನ್ನೊಂದು ಖರ್ಚನ್ನು. ಅದು ಕಾರಿನ ಹೊಟ್ಟೆಯಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ತುಕ್ಕು ಹಿಡಿಯುವ ಬ್ರೇಕ್ ಪೈಪುಗಳನ್ನು ಬದಲಾಯಿಸುವ ಖರ್ಚು. ಮೊದಲನೆಯದನ್ನು ನಾವೆಲ್ಲರೂ ಗೊಣಗುತ್ತಲಾದರೂ ಕಟ್ಟುತ್ತೇವೆ, ಏಕೆಂದರೆ ಕಟ್ಟದಿದ್ದರೆ ಕಾರು ರಸ್ತೆಗಿಳಿಯುವಂತಿಲ್ಲ. ಎರಡನೆಯದನ್ನು ಮುಂದೂಡುತ್ತೇವೆ, ಏಕೆಂದರೆ ಮುಂದೂಡಿದರೂ ಕಾರು ರಸ್ತೆಗಿಳಿಯುತ್ತದೆ. ಈ ಮಾತನ್ನು ಬೇರೆಯವರಿಗೆ ಉಪದೇಶವಾಗಿ ಹೇಳುತ್ತಿಲ್ಲ. ಮೂರು ವರ್ಷ ಮುಂದೂಡಿದವರು ಸ್ವತಃ ನಾವೇ.

ಮುಂಬಯಿಯ ಮಧ್ಯಮವರ್ಗದ ಕನ್ನಡ ಕುಟುಂಬಗಳಿಗೆ ಮೊದಲ ಕಾರು ಬಂದದ್ದು ಬಹುಮಟ್ಟಿಗೆ 2000ದ ದಶಕದಲ್ಲಿ. ನಾವು ಬ್ಯಾಂಕಿನ ಶಾಖೆಯೊಂದರಲ್ಲಿ ವಾಹನ ಸಾಲದ ಮೇಜಿನ ಹಿಂದೆ ಕುಳಿತಿದ್ದ ವರ್ಷಗಳವು. ಮಾಟುಂಗಾ, ಮುಲುಂಡ್, ಡೊಂಬಿವಲಿಯ ಎಷ್ಟೋ ಮನೆಗಳ ಹಿರಿಯರು ಸಂಬಳದ ಚೀಟಿ ಹಿಡಿದುಕೊಂಡು ಸಂಕೋಚದಿಂದಲೇ ನಮ್ಮೆದುರು ಬಂದು ಕುಳಿತದ್ದುಂಟು. ಐದು ವರ್ಷವೋ ಏಳು ವರ್ಷವೋ ಕಂತು ಕಟ್ಟಿ, ನೋಂದಣಿ ಪುಸ್ತಕದಿಂದ ಬ್ಯಾಂಕಿನ ಹೆಸರು ತೆಗೆಸಿದ ದಿನ ಪೆಡೆ ತಂದು ಹಂಚಿದವರೂ ಉಂಟು. ಸಾಲ ತೀರಿತು, ಮಕ್ಕಳು ಓದಿ ಕೆಲಸಕ್ಕೆ ಸೇರಿದರು, ಕೆಲವರು ಪರದೇಶಕ್ಕೂ ಹೋದರು. ಕಾರು ಮಾತ್ರ ಕಟ್ಟಡದ ಕೆಳಗೆ ಅದೇ ಜಾಗದಲ್ಲಿ ನಿಂತಿದೆ. ವಾರಕ್ಕೊಮ್ಮೆ ದೇವಸ್ಥಾನಕ್ಕೆ, ತಿಂಗಳಿಗೊಮ್ಮೆ ಆಸ್ಪತ್ರೆಗೆ, ವರ್ಷಕ್ಕೊಮ್ಮೆ ಊರಿಗೆ. ಓಡಿದ ಕಿಲೋಮೀಟರುಗಳ ಲೆಕ್ಕ ನೋಡಿದರೆ ಅದಿನ್ನೂ ತರುಣ. ನಮ್ಮ ಕಾರೂ ಇಂಥದ್ದೇ. 2007ರ ಅಕ್ಟೋಬರಿನಲ್ಲಿ ಕೊಂಡದ್ದು, 2022ರಲ್ಲಿ ನೋಂದಣಿ ನವೀಕರಿಸಿದ್ದು, 2027ಕ್ಕೆ ಇಪ್ಪತ್ತು ತುಂಬಲಿರುವುದು.

ಆದರೆ ತುಕ್ಕು ಕಿಲೋಮೀಟರು ಎಣಿಸುವುದಿಲ್ಲ. ಮುಂಬಯಿಯೆಂದರೆ ಮೂರು ಕಡೆ ನೀರು ಸುತ್ತುವರಿದ ನಗರ. ಗಾಳಿಯಲ್ಲಿ ಉಪ್ಪಿದೆ, ಮಳೆಗಾಲದ ನಾಲ್ಕು ತಿಂಗಳು ತೇವ ಆರುವುದೇ ಇಲ್ಲ. 2025ರಲ್ಲಂತೂ ಮುಂಗಾರು ಮೇ 26ರಂದೇ ನಗರಕ್ಕೆ ಕಾಲಿಟ್ಟು, ವರಳಿಯ ಭೂಗತ ಮೆಟ್ರೊ ನಿಲ್ದಾಣಕ್ಕೂ ನೀರು ನುಗ್ಗಿತು. ಹಿಂದ್‌ಮಾತಾ, ಸಯನ್, ಕುರ್ಲಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ಕಾರು ದಾಟಿಸದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ಸಮುದ್ರದಲ್ಲಿ ಭರತವಿದ್ದಾಗ ಮಳೆನೀರು ಹೊರಹೋಗಲು ದಾರಿಯಿಲ್ಲದೆ ನಿಲ್ಲುತ್ತದೆ. ಹಾಗೆ ನಿಂತ ನೀರು ಬರಿಯ ಮಳೆನೀರಲ್ಲ. ಅದರಲ್ಲಿ ಗಟಾರದ ಕೊಳೆಯೂ ಇರುತ್ತದೆ, ತಗ್ಗಿನ ಪ್ರದೇಶಗಳಲ್ಲಿ ಕಡಲಿನ ಉಪ್ಪೂ ಸೇರಿಕೊಳ್ಳುತ್ತದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ರ ನೆನಪು ಯಾರಿಗೂ ಮಾಸಿಲ್ಲ. ಅಂದು ಮುಳುಗಿದ ಕಾರುಗಳ ಎಂಜಿನ್ನಿನ ಚಿಂತೆ ಮಾಡಿದೆವು, ಸೀಟಿನ ದುರ್ವಾಸನೆಯ ಚಿಂತೆ ಮಾಡಿದೆವು. ಅಡಿಯಲ್ಲಿ ಕೆಸರು ಮೆತ್ತಿಕೊಂಡ ಕೊಳವೆಗಳ ಚಿಂತೆ ಯಾರಿಗೂ ಬರಲಿಲ್ಲ.

ನಮ್ಮ ಕಟ್ಟಡಗಳಲ್ಲಿ ಇನ್ನೊಂದು ವಿಚಿತ್ರವಿದೆ. ಬೆಳಗ್ಗೆ ಆರಕ್ಕೇ ಬಂದು ಕಾರು ಒರೆಸುವ ಹುಡುಗನಿಗೆ ತಿಂಗಳಿಗೆ ಐನೂರು ರೂಪಾಯಿ ಕೊಡುತ್ತೇವೆ. ಆತ ಮೇಲ್ಭಾಗವನ್ನು ಕನ್ನಡಿಯಂತೆ ಹೊಳೆಸಿ, ಉಳಿದ ಒಂದು ಬಕೆಟ್ ನೀರನ್ನು ಚಕ್ರಗಳಿಗೆ ಎರಚಿ ಹೋಗುತ್ತಾನೆ. ಬಿಸಿಲು ಬೀಳದ ಜಾಗದಲ್ಲಿ, ಒದ್ದೆ ನೆಲದ ಮೇಲೆ, ಕಾರಿನ ಕೆಳಭಾಗ ವರ್ಷವಿಡೀ ತಂಪಾಗಿ ತೇವದಲ್ಲಿರುತ್ತದೆ. ತುಕ್ಕಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇರೆ ಬೇಕಿಲ್ಲ.

ನಮಗೆ ಈ ವಿಷಯ ಗೊತ್ತಾದ ಬಗೆ ಹೀಗೆ. 2025ರ ಅಕ್ಟೋಬರಿನ ಒಂದು ಭಾನುವಾರ ನಮ್ಮ ಮನೆಯವರು ಕಾರು ನಿಲ್ಲಿಸಿದ್ದ ನೆಲದಲ್ಲಿ, ಹಿಂದಿನ ಎಡಚಕ್ರದ ಸಮೀಪ, ಅಂಗೈ ಅಗಲದ ಒಂದು ಕಲೆಯನ್ನು ತೋರಿಸಿ, "ಇದು ನೀರಲ್ಲಾರೀ, ಮುಟ್ಟಿ ನೋಡಿ, ಜಿಡ್ಡಿದೆ" ಎಂದರು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿತ್ತು. ಕೆಂಪು ದೀಪ ಹಿಂದಿನ ವಾರವೇ ಒಮ್ಮೊಮ್ಮೆ ಮಿನುಗಿ ಆರಿದ್ದುಂಟು. ಹ್ಯಾಂಡ್‌ಬ್ರೇಕ್ ಸರಿಯಾಗಿ ಇಳಿದಿಲ್ಲವೇನೋ ಎಂದು ನಾವು ಅದನ್ನು ಅಲಕ್ಷಿಸಿದ್ದೆವು. ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್ ಮನೆಗೇ ಬಂದು, ಡಬ್ಬಿ ತುಂಬಿಸಿ, ಪೆಡಲನ್ನು ಹಲವು ಬಾರಿ ಒತ್ತಿ ನೋಡಿದ. ಆತನೇ ನಿಧಾನವಾಗಿ ಕಾರನ್ನು ತೆಗೆದುಕೊಂಡು ಹೋದ. ಲಿಫ್ಟಿನ ಮೇಲೆ ಏರಿಸಿದ ನಂತರ ನಮ್ಮನ್ನು ಕೆಳಗೆ ಕರೆದು, ಟಾರ್ಚು ಹಿಡಿದು, ಹಿಂಬದಿಯ ಆಕ್ಸಲ್ ಬಳಿ ಕ್ಲಿಪ್ಪೊಂದರ ಅಡಿಯಿಂದ ಹೊರಬರುವ ಪೈಪನ್ನು ಉಗುರಿನಿಂದ ಕೆರೆದ. ಬೆಲ್ಲದ ಪುಡಿಯಂತೆ ಪದರ ಪದರವಾಗಿ ಉದುರಿತು. ಕೆಳಗೆ ಒದ್ದೆಯಾಗಿ ಹೊಳೆಯುತ್ತಿತ್ತು.

"ಸಾಹೇಬರೇ, 2022ರಲ್ಲೇ ಹೇಳಿದ್ದೆನಲ್ಲ" ಎಂದು ಆತ ಹಿಂದಿಯಲ್ಲಿ ನೆನಪಿಸಿದ. ಹೌದು, ಹೇಳಿದ್ದ. ನೋಂದಣಿ ನವೀಕರಣಕ್ಕೆ ಮುನ್ನ ಕಾರನ್ನು ಒಮ್ಮೆ ಪೂರ್ತಿ ನೋಡಿಸಿದಾಗ, ಹಿಂದಿನ ಪೈಪುಗಳು ತುಕ್ಕು ಹಿಡಿದಿವೆ, ಈಗಲೇ ಬದಲಾಯಿಸಿದರೆ ಒಳ್ಳೆಯದು ಎಂದಿದ್ದ. ಆ ವರ್ಷ ಐದು ಸಾವಿರ ಶುಲ್ಕ, ಪರಿಸರ ತೆರಿಗೆ, ವಿಮೆ, ಎರಡು ಟಯರು ಎಲ್ಲ ಒಟ್ಟಿಗೇ ಬಂದಿದ್ದವು. "ಸದ್ಯಕ್ಕೆ ಬೇಡ, ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ" ಎಂದವರು ನಾವು. ಅಲ್ಲಿಂದಾಚೆ 2023ರ ಮೇ ತಿಂಗಳಲ್ಲಿ ಎಂಬತ್ತರ ತಾಯಿಯವರನ್ನೂ ಅಕ್ಕನ ಮೊಮ್ಮಗುವನ್ನೂ ಹಿಂದೆ ಕೂರಿಸಿಕೊಂಡು ಇದೇ ಕಾರಿನಲ್ಲಿ ಚಿಪಳೂಣದ ಪರಶುರಾಮ ಘಾಟಿಯನ್ನು ಇಳಿದು ಊರಿಗೆ ಹೋಗಿ ಬಂದಿದ್ದೇವೆ. ಗ್ಯಾರೇಜಿನಲ್ಲಿ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ನಿಂತಾಗ ನಮಗೆ ನೆನಪಾದದ್ದು ಆ ಇಳಿಜಾರು.

ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ ಎಂಬ ಮಾತಿನಲ್ಲಿ ಎಷ್ಟು ಮೋಸವಿದೆ ಎಂಬುದನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ನಾವು ಕಲಾ ವಿಭಾಗದ ಪದವೀಧರರು, ಯಂತ್ರಶಾಸ್ತ್ರ ನಮ್ಮ ವಿಷಯವಲ್ಲ. ಆದರೂ ಇದು ತಿಳಿಯಲಾಗದ ಸಂಗತಿಯೇನಲ್ಲ. ಕಾಲಿನಿಂದ ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ಒಯ್ಯುವುದು ಸುಮಾರು 4.75 ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆಗಳು. ಕೊಳವೆಯ ಗೋಡೆಯ ದಪ್ಪ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ. ನಿತ್ಯದ ಸಂಚಾರದಲ್ಲಿ ಹಗುರವಾಗಿ ಬ್ರೇಕ್ ಒತ್ತುವಾಗ ಒಳಗಿನ ಒತ್ತಡ ಅಷ್ಟಾಗಿ ಇರುವುದಿಲ್ಲ. ಮಗುವೊಂದು ಎದುರು ಓಡಿಬಂದು, ಚಾಲಕನು ಇದ್ದ ಬಲವನ್ನೆಲ್ಲ ಹಾಕಿ ಪೆಡಲ್ ತುಳಿದಾಗ ಅದು ಪ್ರತಿ ಚದರ ಸೆಂಟಿಮೀಟರಿಗೆ ನೂರು ಕಿಲೋಗ್ರಾಂ ಆಸುಪಾಸಿಗೆ ಏರುತ್ತದೆ. ನಾವು ಟಯರಿಗೆ ತುಂಬಿಸುವ ಗಾಳಿಯ ಒತ್ತಡ ಎರಡು ಕಿಲೋಗ್ರಾಂ ಮಾತ್ರ ಎಂಬುದನ್ನು ಹೋಲಿಕೆಗೆ ಗಮನಿಸಬಹುದು. ತುಕ್ಕಿನಿಂದ ತೆಳುವಾದ ಕೊಳವೆ ಹಗುರ ಒತ್ತಡವನ್ನು ವರ್ಷಗಟ್ಟಲೆ ತಾಳಿಕೊಂಡಿದ್ದು, ಇಂಥ ಗಳಿಗೆಯಲ್ಲೇ ಒಡೆಯುವ ಸಂಭವ ಹೆಚ್ಚು. ನಮ್ಮ ಕಾರಿನದು ಮೊದಲು ಜಿನುಗಿ ಸೂಚನೆ ಕೊಟ್ಟಿತು. ಎಲ್ಲರಿಗೂ ಆ ಭಾಗ್ಯ ಇರಬೇಕೆಂದೇನಿಲ್ಲ.

ಈಗಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಮಾರ್ಗಗಳಿರುವುದರಿಂದ ಒಂದು ಒಡೆದರೂ ಇನ್ನೊಂದು ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಪೆಡಲ್ ಒಮ್ಮೆಲೇ ಕೆಳಗಿಳಿಯುತ್ತದೆ, ಕಾರು ನಿಲ್ಲಲು ಬಹಳ ಹೆಚ್ಚು ದೂರ ಬೇಕಾಗುತ್ತದೆ, ಗಾಬರಿಗೊಂಡ ಚಾಲಕ ಏನು ಮಾಡುತ್ತಾನೆಂದು ಹೇಳಲಾಗದು. ಎರಡು ಕಾರುಗಳ ನಡುವೆ ಒಂದು ಗೇಣು ಜಾಗ ಬಿಡದ ಈ ನಗರದಲ್ಲಿ ಆ ಹೆಚ್ಚಿನ ದೂರ ಎಲ್ಲಿಂದ ಬರಬೇಕು?

ಇನ್ನು ಖರ್ಚಿನ ವಿಷಯಕ್ಕೆ ಬರೋಣ. ಎರಡು ಕಡೆ ವಿಚಾರಿಸಿದೆವು. ಕಂಪೆನಿಯ ಅಧಿಕೃತ ಸೇವಾ ಕೇಂದ್ರವೊಂದು ಕೊಟ್ಟ ಅಂದಾಜು ಹೀಗಿತ್ತು: ಪೈಪುಗಳ ಪೂರ್ತಿ ಸೆಟ್ಟಿಗೆ 3,900, ನಾಲ್ಕು ರಬ್ಬರ್ ಹೋಸುಗಳಿಗೆ 2,200, ಹಿಂದಿನ ಎರಡು ವೀಲ್ ಸಿಲಿಂಡರುಗಳಿಗೆ 1,700, ಬ್ರೇಕ್ ಆಯಿಲಿಗೆ 700, ಕೂಲಿ 5,600, ಕೂಲಿಯ ಮೇಲಿನ ತೆರಿಗೆ 1,008, ಒಟ್ಟು 15,108 ರೂಪಾಯಿ. ನಮ್ಮ ಮೆಕ್ಯಾನಿಕ್ ಹೇಳಿದ್ದು 8,400: ಪೈಪಿಗೆ 2,600, ಹಿಂದಿನ ಎರಡು ಹೋಸಿಗೆ 900, ವೀಲ್ ಸಿಲಿಂಡರಿಗೆ 1,400, ಆಯಿಲಿಗೆ 500, ಕೂಲಿ 3,000.

ಎರಡರಲ್ಲೂ ಗಮನಿಸಬೇಕಾದ ಅಂಶವೊಂದೇ. ಪೈಪಿನ ಬೆಲೆ ಒಟ್ಟು ಖರ್ಚಿನ ಮೂರನೆಯ ಒಂದು ಭಾಗವೂ ಇಲ್ಲ. ಕೂಲಿ ಏಕೆ ಇಷ್ಟು ಎಂದು ಕೇಳುವ ಮುನ್ನ ಕೆಲಸವನ್ನು ನಿಂತು ನೋಡಬೇಕು. ಪೈಪು ಎಂಜಿನ್ ಕೋಣೆಯಿಂದ ಹೊರಟು ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ನುಸುಳಿ ಹಿಂದಿನ ಚಕ್ರದವರೆಗೆ ಹೋಗುತ್ತದೆ. ಕೆಲವು ಕಾರುಗಳಲ್ಲಿ ಟ್ಯಾಂಕನ್ನೇ ಇಳಿಸಬೇಕು, ನಮ್ಮದರಲ್ಲಿ ಇಳಿಸಬೇಕಾಯಿತು. ಹದಿನೆಂಟು ವರ್ಷ ಬಿಚ್ಚದ ನಟ್ಟುಗಳು ಪೈಪಿನೊಡನೆ ಒಂದಾಗಿ ಹೋಗಿರುತ್ತವೆ. ತಿರುಗಿಸಿದರೆ ಪೈಪೇ ಹಿಂಡಿಕೊಂಡು ತುಂಡಾಗುತ್ತದೆ, ಇಲ್ಲವೇ ಸಿಲಿಂಡರಿನ ಬ್ಲೀಡರ್ ಮುರಿಯುತ್ತದೆ. ಒಂದು ಪೈಪೆಂದು ಆರಂಭಿಸಿದ ಕೆಲಸ ನಾಲ್ಕು ಭಾಗಗಳಿಗೆ ಹಬ್ಬುವುದು ಮೆಕ್ಯಾನಿಕ್‌ನ ದುರಾಸೆಯಿಂದಲೇ ಎಂದು ಹೇಳಲಾಗದು. ಹೊಸ ಪೈಪಿನ ತುದಿಯನ್ನು ಸರಿಯಾದ ಆಕಾರಕ್ಕೆ ಅಗಲಿಸಬೇಕು, ಕೊನೆಗೆ ನಾಲ್ಕೂ ಚಕ್ರಗಳಿಂದ ಗಾಳಿ ತೆಗೆಯಬೇಕು. ಒಂದೂವರೆ ದಿನ ಹಿಡಿಯಿತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 28ರಿಂದ ಶೇಕಡಾ 18ಕ್ಕೆ ಇಳಿದದ್ದು ಸ್ವಾಗತಾರ್ಹವೇ ಆದರೂ, ಕೂಲಿಯೇ ದೊಡ್ಡದಾಗಿರುವ ಇಂಥ ದುರಸ್ತಿಯಲ್ಲಿ ಅದರಿಂದ ಉಳಿಯುವುದು ಕೆಲವು ನೂರು ರೂಪಾಯಿಗಳು ಮಾತ್ರ.

ಅಗ್ಗದ ದಾರಿಗಳು ಇಲ್ಲವೆಂದಲ್ಲ. ತುಕ್ಕು ಹಿಡಿದಷ್ಟು ಭಾಗವನ್ನು ಕತ್ತರಿಸಿ ನಡುವೆ ಜೋಡಣೆ ಹಾಕುವವರಿದ್ದಾರೆ. ಎ.ಸಿ. ದುರಸ್ತಿಗೆ ಬಳಸುವ ಮೆದು ತಾಮ್ರದ ಕೊಳವೆಯನ್ನೇ ಬಗ್ಗಿಸಿ ಕೂರಿಸುವವರಿದ್ದಾರೆ. ಅದು ಅಲುಗಾಟಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ಸೋರುವ ಪೈಪನ್ನು ಮಡಚಿ, ಸುತ್ತಿಗೆಯಿಂದ ಬಡಿದು ಮುಚ್ಚಿ, ಒಂದು ಚಕ್ರಕ್ಕೆ ಬ್ರೇಕೇ ಇಲ್ಲದಂತೆ ಮಾಡಿ ಕಳುಹಿಸುವ ಧೈರ್ಯವಂತರೂ ಇದ್ದಾರೆ. ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಒಡೆದ ಕಾರುಗಳಿಂದ ತೆಗೆದ ಎಂಥ ಭಾಗವೂ ದೊರೆಯುತ್ತದೆ. ಬಾಗಿಲಿನ ಗಾಜು, ಕನ್ನಡಿ, ಸೀಟು ಅಲ್ಲಿಂದ ತಂದರೆ ತಪ್ಪಿಲ್ಲ. ಹಳೆಯ ಬ್ರೇಕ್ ಪೈಪನ್ನು ತೆಗೆದು ಇನ್ನೊಂದು ಹಳೆಯ ಬ್ರೇಕ್ ಪೈಪು ಹಾಕಿಸುವುದು ಮಾತ್ರ ಯಾವ ಲೆಕ್ಕದಿಂದಲೂ ಉಳಿತಾಯವಲ್ಲ. ಎಲ್ಲಾದರೂ ತಾಮ್ರ ಮತ್ತು ನಿಕ್ಕಲ್ ಮಿಶ್ರಲೋಹದ ಬ್ರೇಕ್ ಪೈಪು ದೊರೆತರೆ ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಹಡಗುಗಳಲ್ಲಿ ಸಮುದ್ರದ ನೀರು ಹರಿಯುವ ಕೊಳವೆಗಳಿಗೆ ಬಳಸುವ ಲೋಹವಿದು. ಸ್ವೀಡನ್ನಿನ ವೋಲ್ವೊ ಕಂಪೆನಿಯು 1976ರಿಂದಲೇ ತನ್ನ ಕಾರುಗಳಲ್ಲಿ ಇದನ್ನು ಅಳವಡಿಸಿತು. ಕಡಲ ತಡಿಯ ನಗರಗಳಲ್ಲಿ ಮಾರುವ ಕಾರುಗಳಿಗೆ ನಮ್ಮ ತಯಾರಕರು ಇದನ್ನೇಕೆ ಯೋಚಿಸಬಾರದು?

ಮೆಕ್ಯಾನಿಕ್‌ನ ಅಂದಾಜು ಹಿಡಿದುಕೊಂಡು ಮನೆಗೆ ಬಂದಾಗ ನೆರೆಯ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಬಹುಶಃ ಎಲ್ಲರ ಮನಸ್ಸಿನಲ್ಲಿರುವುದೇ: "ಅಲ್ಲ ಮಾರಾಯ್ರೇ, ಆ ಕಾರಿಗೇ ಐವತ್ತೈದು ಸಾವಿರ ಕೊಟ್ಟರೆ ಹೆಚ್ಚು. ಅದಕ್ಕೆ ಎಂಟೋ ಹದಿನೈದೋ ಸುರಿಯುತ್ತೀರಾ? ಜಿ.ಎಸ್.ಟಿ. ಇಳಿದಿದೆ, ಹೊಸದು ತೆಗೆದುಕೊಳ್ಳಿ." ಮಾತಿನಲ್ಲಿ ಹುರುಳಿಲ್ಲದಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ತೆರಿಗೆಯೂ ಶೇಕಡಾ 18ಕ್ಕೆ ಇಳಿದು ಬೆಲೆ ತಗ್ಗಿದೆ. 2021ರ ಆಗಸ್ಟ್ 13ರಂದು ಪ್ರಧಾನಿಯವರು ಘೋಷಿಸಿದ ವಾಹನ ಗುಜರಿ ನೀತಿಯ ಪ್ರಕಾರ ಹಳೆಯ ಕಾರನ್ನು ನೋಂದಾಯಿತ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆದರೆ, ಹೊಸ ಖಾಸಗಿ ವಾಹನದ ರಸ್ತೆ ತೆರಿಗೆಯಲ್ಲಿ ರಾಜ್ಯಗಳು ಶೇಕಡಾ 25ರವರೆಗೆ ರಿಯಾಯಿತಿ ಕೊಡಬಹುದಾಗಿದೆ. ಶಕ್ತಿಯಿದ್ದವರು ಹಾಗೆ ಮಾಡುವುದರಲ್ಲಿ ತಪ್ಪೇನಿಲ್ಲ.

ಆದರೆ ಬ್ಯಾಂಕಿನಲ್ಲಿ ಮೂರು ದಶಕ ಕಳೆದ ನಮಗೆ ಈ ಲೆಕ್ಕದಲ್ಲಿಯೇ ಒಂದು ದೋಷ ಕಾಣುತ್ತದೆ. ವಿಮಾ ಕಂಪೆನಿಯವರ ಪಟ್ಟಿಯಲ್ಲಿ ಕಾರಿನ ಮೌಲ್ಯ ಐದನೆಯ ವರ್ಷಕ್ಕೇ ಅರ್ಧಕ್ಕಿಳಿಯುತ್ತದೆ, ಆಮೇಲೆ ಅದು ಅವರೂ ನಾವೂ ಒಪ್ಪಿದಷ್ಟು. ಅದು ಮಾರುಕಟ್ಟೆಯ ಬೆಲೆ. ಬ್ರೇಕಿನ ಕೆಲಸ ಮಾರುಕಟ್ಟೆಯ ಬೆಲೆಗೆ ತಕ್ಕಂತೆ ಕಡಿಮೆಯಾಗುವುದಿಲ್ಲ. ಐವತ್ತೈದು ಸಾವಿರದ ಕಾರು ನಿಲ್ಲದೆ ಹೋದಾಗ ಆಗುವ ಹಾನಿ ಹತ್ತು ಲಕ್ಷದ ಕಾರು ನಿಲ್ಲದಿದ್ದಾಗ ಆಗುವಷ್ಟೇ. ಆದುದರಿಂದ ಪೈಪಿನ ಖರ್ಚನ್ನು ಕಾರಿನ ಬೆಲೆಯೊಡನೆ ತೂಗುವುದೇ ಸರಿಯಲ್ಲ. ಕಾರನ್ನು ಇನ್ನೆಷ್ಟು ವರ್ಷ ಓಡಿಸುತ್ತೇವೆ ಎಂಬುದರೊಡನೆ ತೂಗಬೇಕು. ಐದು ವರ್ಷಕ್ಕೆ ಹಂಚಿದರೆ 8,400 ರೂಪಾಯಿಯೆಂದರೆ ತಿಂಗಳಿಗೆ 140 ರೂಪಾಯಿ. ಕಾರಿನ ಮೇಲ್ಭಾಗ ಒರೆಸುವ ಹುಡುಗನಿಗೆ ಕೊಡುವುದು ಐನೂರು ಎಂಬುದನ್ನು ಮೇಲೆ ಹೇಳಿಯಾಗಿದೆ. ಇನ್ನು ಓಡಿಸುವುದೇ ಇಲ್ಲವೆಂದಾದರೆ ಇಂದೇ ಗುಜರಿಗೆ ಕೊಡಬೇಕು. ದುರಸ್ತಿಯೂ ಬೇಡ, ಮಾರಾಟವೂ ಬೇಡ, ಹತ್ತಿರದ ಓಡಾಟಕ್ಕೆ ಇರಲಿ ಎಂಬ ನಡುವಿನ ದಾರಿಯೇ ಅಪಾಯದ್ದು. ದುರದೃಷ್ಟವಶಾತ್ ನಾವು ಹೆಚ್ಚಿನವರು ನಡೆಯುವುದು ಅದರಲ್ಲೇ. ಸವೆತ ಮತ್ತು ತುಕ್ಕಿಗೆ ವಿಮೆ ಪರಿಹಾರ ಕೊಡುವುದಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಇಷ್ಟಕ್ಕೂ ಸರಕಾರ ಈ ವಿಷಯದಲ್ಲಿ ಏನು ಮಾಡುತ್ತಿದೆ? ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಗಳಿಗೆ ಒಮ್ಮೆಲೇ ದೊರೆಯುತ್ತದೆ. ಈ ಹದಿನೈದು ವರ್ಷಗಳಲ್ಲಿ ಕಾನೂನಿನ ಪ್ರಕಾರ ನಿಯತವಾಗಿ ಪರೀಕ್ಷೆಯಾಗುವುದು ಅದರ ಹೊಗೆ ಮಾತ್ರ. ಬ್ರೇಕ್, ಸ್ಟೀರಿಂಗ್, ಕೆಳಭಾಗ ಯಾವುದನ್ನೂ ಯಾರೂ ಕೇಳುವುದಿಲ್ಲ. ಟ್ಯಾಕ್ಸಿಗಳ ವಿಷಯ ಹಾಗಲ್ಲ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆನಂತರ ಪ್ರತಿವರ್ಷ ಅರ್ಹತಾ ಪರೀಕ್ಷೆಗೆ ಹೋಗಬೇಕು. ಮುಂಬಯಿಯ ಗುರುತೇ ಆಗಿದ್ದ ಕಪ್ಪು ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಪೈಕಿ ಕಟ್ಟಕಡೆಯದು ತಾಡದೇವದ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಿಂದ ಮರೆಯಾದವು. ಖಡಖಡ ಸದ್ದಿನ ಆ ಮುದುಕ ಟ್ಯಾಕ್ಸಿಗಳನ್ನು ನೋಡಿ ನಗುತ್ತಿದ್ದ ನಮ್ಮ ಹೊಳೆಯುವ ಖಾಸಗಿ ಕಾರುಗಳಿಗಿಂತ ಕಾನೂನು ಅವುಗಳನ್ನೇ ಹೆಚ್ಚು ಬಾರಿ ಪರೀಕ್ಷೆಗೆ ಕರೆಯುತ್ತಿತ್ತು.

ಹದಿನೈದು ತುಂಬಿದ ಮೇಲಿನ ನವೀಕರಣಕ್ಕೆ ವಾಹನವನ್ನು ತೋರಿಸಬೇಕು, ನಿಜ. 2022ರಲ್ಲಿ ನಾವೂ ತೋರಿಸಿದೆವು. ಚಾಸಿಸ್ ಸಂಖ್ಯೆ ನೋಡಿದರು, ದೀಪ, ಹಾರ್ನ್, ವೈಪರ್ ನೋಡಿದರು, ತುಸು ದೂರ ಓಡಿಸಿ ನಿಲ್ಲಿಸಲು ಹೇಳಿದರು. ಬಗ್ಗಿ ಕೆಳಗೆ ಇಣುಕಿದವರಿಲ್ಲ. ಆ ಅಧಿಕಾರಿಯನ್ನು ದೂರುವುದು ನಮ್ಮ ಉದ್ದೇಶವಲ್ಲ, ಅವರೆದುರು ಇನ್ನೂ ನಲವತ್ತು ವಾಹನಗಳ ಸಾಲಿತ್ತು. ಬಗ್ಗಿ ನೋಡಲು ಅಲ್ಲಿ ಗುಂಡಿಯೂ ಇರಲಿಲ್ಲ, ಲಿಫ್ಟೂ ಇರಲಿಲ್ಲ. ಈಗ ಯಂತ್ರಚಾಲಿತ ಪರೀಕ್ಷಾ ಕೇಂದ್ರಗಳು ಬರುತ್ತಿವೆ. ಅಲ್ಲಿ ಉರುಳೆಗಳ ಮೇಲೆ ಚಕ್ರವಿಟ್ಟು ಬ್ರೇಕಿನ ಬಲ ಅಳೆಯುವ ವ್ಯವಸ್ಥೆಯಿದೆ. ಅದು ಒಳ್ಳೆಯದೇ. ಆದರೆ ತುಕ್ಕು ಹಿಡಿದ ಪೈಪು ಆ ದಿನ ಒಡೆಯದೆ ಇದ್ದರೆ ಯಂತ್ರ ಅದನ್ನು ಉತ್ತೀರ್ಣ ಮಾಡಿಯೇ ಕಳುಹಿಸುತ್ತದೆ. ಅದಕ್ಕೆ ಟಾರ್ಚು ಹಿಡಿದು ನೋಡುವ ಮನುಷ್ಯನ ಕಣ್ಣೇ ಬೇಕು.

ಇಂಗ್ಲೆಂಡಿನಲ್ಲಿ ಖಾಸಗಿ ಕಾರಿಗೂ ಮೂರನೆಯ ವರ್ಷದಿಂದ ಪ್ರತಿವರ್ಷ ಕಡ್ಡಾಯ ಪರೀಕ್ಷೆಯಿದ್ದು, ಬ್ರೇಕ್ ಪೈಪಿನ ತುಕ್ಕನ್ನು ಅದರಲ್ಲಿ ನಿರ್ದಿಷ್ಟವಾಗಿ ನೋಡಲಾಗುತ್ತದೆ. ಅಮೆರಿಕದ ಅನುಭವ ಇನ್ನೂ ವಿಚಾರಾರ್ಹ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಅಲ್ಲಿನ ರಾಜ್ಯಗಳಲ್ಲಿ ಜನರಲ್ ಮೋಟಾರ್ಸ್‌ನ 1999ರಿಂದ 2003ರವರೆಗಿನ ಮಾದರಿಗಳ ಬ್ರೇಕ್ ಪೈಪುಗಳು ಕೊಳೆತು ಒಡೆಯುತ್ತಿವೆಯೆಂಬ ದೂರಿನ ಮೇಲೆ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ವರ್ಷಗಟ್ಟಲೆ ತನಿಖೆ ನಡೆಸಿತು. 2015ರ ಏಪ್ರಿಲಿನಲ್ಲಿ, ಇದು ತಯಾರಿಕೆಯ ದೋಷವಲ್ಲ, ವಯಸ್ಸಾದ ವಾಹನದ ಸಹಜ ಸವೆತ ಎಂದು ತೀರ್ಮಾನಿಸಿ ಕಡತ ಮುಚ್ಚಿತು. ಕಂಪೆನಿ ವಾಹನಗಳನ್ನು ವಾಪಸು ಕರೆಸಬೇಕಾಗಲಿಲ್ಲ. ಕೆಳಭಾಗವನ್ನು ತೊಳೆಸಿ, ಪೈಪುಗಳನ್ನು ಪರೀಕ್ಷಿಸಿ, ತುಕ್ಕು ಕಂಡರೆ ಪೂರ್ತಿ ಬದಲಾಯಿಸಿ ಎಂದು ಮಾಲೀಕರಿಗೆ ಸಲಹೆ ನೀಡಿತು. ಅಂದರೆ ಅಷ್ಟು ದೊಡ್ಡ ದೇಶದಲ್ಲೂ ಕೊನೆಗೆ ಹೊಣೆ ಬಂದು ನಿಂತದ್ದು ಕಾರಿನ ಒಡೆಯನ ತಲೆಯ ಮೇಲೆ. ಆದರೆ ಆತನಿಗೆ ವಿಷಯವನ್ನಾದರೂ ತಿಳಿಸಿದರು.

ನಮ್ಮಲ್ಲಿ ಚರ್ಚೆಯೆಲ್ಲ ವಯಸ್ಸಿನ ಸುತ್ತಲೇ ಗಿರಕಿ ಹೊಡೆಯುತ್ತಿದೆ. ದೆಹಲಿಯಲ್ಲಿ 2025ರ ಜುಲೈ 1ರಿಂದ ಹಳೆಯ ವಾಹನಗಳಿಗೆ ಇಂಧನ ಹಾಕಬಾರದೆಂದು ಆಜ್ಞೆಯಾಗಿ, ಗದ್ದಲವೆದ್ದು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಮುಂಬಯಿಯಲ್ಲೂ ವಾಯುಮಾಲಿನ್ಯದ ಪ್ರಕರಣದಲ್ಲಿ ಹೈಕೋರ್ಟಿನ ಸೂಚನೆಯ ಮೇರೆಗೆ 2025ರ ಜನವರಿಯಲ್ಲಿ ರಾಜ್ಯ ಸರಕಾರವು ಏಳು ಮಂದಿಯ ಸಮಿತಿಯೊಂದನ್ನು ರಚಿಸಿ, ಪೆಟ್ರೋಲ್ ಮತ್ತು ಡೀಸೆಲ್ ವಾಹನಗಳನ್ನು ಹಂತಹಂತವಾಗಿ ಕೈಬಿಡುವ ಸಾಧ್ಯತೆಯನ್ನು ಪರಿಶೀಲಿಸುವ ಹೊಣೆ ವಹಿಸಿತು. ಹೊಗೆಯ ದೃಷ್ಟಿಯಿಂದ ಇವೆಲ್ಲ ಅಗತ್ಯವೇ ಇರಬಹುದು. ಆದರೆ ಇಪ್ಪತ್ತು ವರ್ಷದ ಕಾರು ಪುಣೆಯ ಒಣಹವೆಯಲ್ಲಿ ಗಟ್ಟಿಯಾಗಿರಬಹುದು, ಹತ್ತು ವರ್ಷದ್ದು ವರ್ಸೋವಾದ ಕಡಲ ದಂಡೆಯಲ್ಲಿ ಕೊಳೆತಿರಬಹುದು. ಇಬ್ಬರಿಗೂ ವಯಸ್ಸಿನ ಶುಲ್ಕವೊಂದೇ ನಿಯಮವಾದರೆ ಹಣ ಖಜಾನೆಗೆ ಹೋಗುತ್ತದೆ, ತುಕ್ಕು ಇದ್ದಲ್ಲೇ ಇರುತ್ತದೆ. ಮಧ್ಯಮವರ್ಗದವನು ಹತ್ತು ಸಾವಿರ ಶುಲ್ಕ ಕಟ್ಟಿದ ವರ್ಷ ಇನ್ನೊಂದು ಹತ್ತು ಸಾವಿರವನ್ನು ಗ್ಯಾರೇಜಿಗೆ ಕೊಡಲು ಹಿಂದೆ ಮುಂದೆ ನೋಡುತ್ತಾನೆ. ನಾವು ಹಿಂದೆ ಮುಂದೆ ನೋಡಿದಂತೆಯೇ.

ಶುಲ್ಕ ಏರಿಸಿರುವ ಸರಕಾರ ಆ ಹಣದಲ್ಲಿಯೇ ವಾಹನವನ್ನು ಲಿಫ್ಟಿಗೇರಿಸಿ ಕೆಳಭಾಗ ನೋಡಿ, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಕೊಟ್ಟ ಹಣ ಯಾರಿಗೂ ಭಾರವೆನಿಸದು. ಕರಾವಳಿಯ ನಗರಗಳಲ್ಲಿ ಹತ್ತನೆಯ ವರ್ಷಕ್ಕೇ ಇಂಥದೊಂದು ತಪಾಸಣೆ ನಡೆಯುವಂತಾಗಬೇಕು. ಮುಂಬಯಿ ಮಾತ್ರವಲ್ಲ, ನಮ್ಮ ಊರುಗಳಾದ ಮಂಗಳೂರು, ಉಡುಪಿ, ಕಾರವಾರ, ಕಾಸರಗೋಡುಗಳಿಗೂ ಈ ಮಾತು ಅನ್ವಯಿಸುತ್ತದೆ. ಇಲ್ಲಿಂದ ನಿವೃತ್ತರಾಗಿ ಊರಿಗೆ ಹೋಗುವವರು ಕಾರನ್ನೂ ಜೊತೆಗೆ ಒಯ್ಯುತ್ತಾರೆ. ಅಲ್ಲಿ ಅದಕ್ಕೆ ಮತ್ತೆ ಅದೇ ಉಪ್ಪುಗಾಳಿ, ಜೊತೆಗೆ ಆಗುಂಬೆ, ಚಾರ್ಮಾಡಿಗಳ ಇಳಿಜಾರು.

ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಕೆಳಭಾಗವನ್ನು ಸಿಹಿನೀರಿನ ಧಾರೆಯಿಂದ ತೊಳೆಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ವಸ್ತುವಾದ್ದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸದಿದ್ದರೆ ಪೈಪು ಒಳಗಿನಿಂದಲೂ ಕೊರೆಯಲ್ಪಡುತ್ತದೆ. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಕೋಟಿಂಗ್ ಬಳಿಸುವುದು ನೋಟಕ್ಕೆ ಚೆನ್ನ, ಒಳಗಿನ ಕೆಲಸ ನಿಲ್ಲುವುದಿಲ್ಲ. ಹೊಸ ಪೈಪಿಗೆ ಬಳಿಸಿದರೆ ಪ್ರಯೋಜನವುಂಟು. ದುರಸ್ತಿ ಮುಗಿದ ಮೇಲೆ ತೆಗೆದ ಹಳೆಯ ಪೈಪುಗಳನ್ನು ಕೇಳಿ ಪಡೆದು, ಹೊಸದನ್ನು ಲಿಫ್ಟಿನ ಕೆಳಗೆ ನಿಂತು ನೋಡಿ, ಬಿಲ್ಲು ಬರೆಸಿಕೊಳ್ಳಬೇಕು. ಇದಕ್ಕೆ ಯಾವ ಮೆಕ್ಯಾನಿಕ್ ಸಹ ಬೇಸರಿಸಲಾರ.

ನಾವು ಚಿಕ್ಕ ಗ್ಯಾರೇಜಿನಲ್ಲೇ ಕೆಲಸ ಮಾಡಿಸಿದೆವು. ಮುಂದಿನ ಹೋಸುಗಳನ್ನೂ ಬದಲಾಯಿಸಿಬಿಡು ಎಂದುದರಿಂದ ಇನ್ನೂ 900 ರೂಪಾಯಿ ಸೇರಿ 9,300 ಆಯಿತು. ತೆಗೆದ ಪೈಪಿನ ಒಂದು ತುಂಡನ್ನು ನೆರೆಯ ಹಿರಿಯರಿಗೆ ತೋರಿಸಿದೆವು. ಅವರು ಅದನ್ನು ಎರಡು ಬೆರಳುಗಳ ನಡುವೆ ಹಿಡಿದು ಬಗ್ಗಿಸಿದರು, ಪಟಕ್ಕನೆ ಮುರಿಯಿತು. ಅವರದು 2009ರ ಕಾರು. ಬರುವ ಭಾನುವಾರ ಅವರ ಕಾರಿನ ಜೊತೆ ನಮ್ಮ ಕಟ್ಟಡದ ಇನ್ನೂ ಮೂರು ಕಾರುಗಳು ಅದೇ ಗ್ಯಾರೇಜಿನ ಲಿಫ್ಟು ಏರಲಿವೆ; ನೋಡುವುದಕ್ಕೆ ಕಾರೊಂದಕ್ಕೆ ಇನ್ನೂರು ರೂಪಾಯಿ ಎಂದು ಮೆಕ್ಯಾನಿಕ್ ಹೇಳಿದ್ದಾನೆ.